ಮಾವನ ಕುರ್ಚಿಯೂ ಮಲಗದ ಕಂಪ್ಯೂಟರೂ

ಮನೆಯಳಿಯನಿಗೆ ಕೂರಲು ಜಾಗ ಸಿಗುವುದು ಬಹಳ ಕಷ್ಟ. (ಮಲಗಲು ಸಿಗುತ್ತದೆ, ಅದೂ ಹೆಂಡತಿ ಬೈಯುವವರೆಗೆ.) ರಾಮಗಿರಿ ಸ್ಟೇಷನ್ನಿನ ಹಿಂದಿರುವ ನಮ್ಮ ಮಾವನ ಮನೆಯಲ್ಲಿ ಕೈಯುಳ್ಳ ಬೆತ್ತದ ಕುರ್ಚಿ ಇದ್ದದ್ದು ಒಂದೇ. ಅದು ಮಾವ ಅಜ್ಜಪ್ಪನವರದು. ರೈಲ್ವೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದು ರಿಟೈರಾದ ಅವರು ಮಧ್ಯಾಹ್ನ ಮುದ್ದೆ ಉಂಡು ಅದರಲ್ಲೇ ನಿದ್ದೆ ಹೋಗಿ, ದೀಪ ಹಚ್ಚುವ ಹೊತ್ತಿಗೆ ಯಾರೂ ಎಬ್ಬಿಸದೆ ಎದ್ದು "ಟೀ" ಎನ್ನುತ್ತಿದ್ದರು. ಮಾವ ಕೂತಿರುವಾಗ ಅಳಿಯ ಕೂರುವ ಪದ್ಧತಿ ನಮ್ಮಲ್ಲಿಲ್ಲ. ಹಾಗಾಗಿ ಅವರು ತೀರಿಕೊಳ್ಳುವವರೆಗೂ ನಾನು ಆ ಕೋಣೆಯಲ್ಲಿ ನಿಂತೇ ಇದ್ದೆ. ನನ್ನ ಸೊಂಟನೋವಿನ ಇತಿಹಾಸ ಅಲ್ಲಿಂದ ಆರಂಭ.

2004ರಲ್ಲಿ, ಅವರ ವರ್ಷದ ಕಾರ್ಯ ಮುಗಿದ ಮೇಲೆ, ಸದರಿ ಕುರ್ಚಿಯಲ್ಲಿ ನನ್ನ ಪಟ್ಟಾಭಿಷೇಕವಾಯಿತು. ಕಾರಣವೂ ಘನವಾದದ್ದೇ. ಹೊಸದುರ್ಗದ ಕೊಬ್ಬರಿ ಮಂಡಿಯ ಶಿವಕುಮಾರಪ್ಪನವರು ತಮ್ಮ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಕಂಪ್ಯೂಟರಿಗೆ ಜೋಡಿಸಿಕೊಡುವ ಕೆಲಸವನ್ನು ನನಗೆ ಒಪ್ಪಿಸಿದ್ದರು. ನಾನು ಲಿನಕ್ಸ್‌ನಲ್ಲಿ ಅದಕ್ಕೊಂದು ಡ್ರೈವರ್ ಬರೆಯತೊಡಗಿದೆ. ಡ್ರೈವರ್ ಎಂದರೆ ಬಸ್ಸಿನವನಲ್ಲ, ಕಂಪ್ಯೂಟರಿಗೂ ತಕ್ಕಡಿಗೂ ನಡುವೆ ಮಾತು ಸಾಗಿಸುವ ದಲ್ಲಾಳಿ. ಮಾವನ ಮೇಜಿನ ಮೇಲೆ ಕಂಪ್ಯೂಟರ್, ಪಕ್ಕದಲ್ಲಿ ತಕ್ಕಡಿ, ಎದುರಿನ ಕುರ್ಚಿಯಲ್ಲಿ ನಾನು. ಸುಖವೆಂದರೆ ಇದೇ ಅಂದುಕೊಂಡೆ.

ಸುಖ ಒಂದು ವಾರವೂ ಬಾಳಲಿಲ್ಲ. ಒಂದು ಸಂಜೆ ಕಂಪ್ಯೂಟರನ್ನು ಮಲಗಿಸಿ ಹಿತ್ತಲಿಗೆ ಹೋಗಿದ್ದೆ. (ಪೂರ್ತಿ ಆರಿಸದೆ ಜೋಂಪು ಹತ್ತಿಸುವುದಕ್ಕೆ ಮಲಗಿಸುವುದು ಎನ್ನುತ್ತೇವೆ.) ಕರೆಂಟು ಮಂಕಾಗಿತ್ತು. ಕೋಣೆಯೊಳಗೆ ಯಾರೂ ಇರಲಿಲ್ಲ. ದೇವರ ಮುಂದೆ ದೀಪ ಹಚ್ಚುತ್ತಿದ್ದ ಅತ್ತೆ ಯಲ್ಲಕ್ಕ ಇದ್ದಕ್ಕಿದ್ದಂತೆ ಕೂಗಿದರು.

"ಅಳಿಯಂದ್ರೆ, ಬರ್ರಿ ಇಲ್ಲಿ!"

ಓಡಿ ಬಂದೆ. ಕತ್ತಲ ಕೋಣೆಯಲ್ಲಿ ಯಂತ್ರ ತನ್ನಷ್ಟಕ್ಕೆ ಎದ್ದು ಕೂತಿತ್ತು. ಫ್ಯಾನು ಉಸಿರು ಎಳೆದುಕೊಳ್ಳುತ್ತಿತ್ತು. ಪರದೆಯ ನೀಲಿ ಬೆಳಕು ನೇರವಾಗಿ ಖಾಲಿ ಕುರ್ಚಿಯ ಮೇಲೆ ಬಿದ್ದಿತ್ತು, ಗೋಡೆಯ ಮೇಲೆ ಕುರ್ಚಿಯ ನೆರಳು ಆಳೆತ್ತರ ನಿಂತಿತ್ತು. ನನ್ನ ತೋಳಿನ ರೋಮವೆಲ್ಲ ನೆಟ್ಟಗಾಯಿತು.

"ನಿಮ್ಮ ಮಾವ ಏಳೋ ಹೊತ್ತು ಇದೇ ಅಲ್ವೇನಪ್ಪ?" ಎಂದರು ಅತ್ತೆ, ಮೆಲ್ಲಗೆ.

ಮರುದಿನವೂ ಅದೇ ಹೊತ್ತಿಗೆ ಎದ್ದಿತು. ಅದರ ಮರುದಿನವೂ. ಅತ್ತೆ ಕುರ್ಚಿಗೆ ಕಂಬಳಿ ಹಾಸಿದರು, ಮೇಜಿನ ಮೇಲೆ ಒಂದು ಲೋಟ ಟೀ ಇಟ್ಟರು. ವರ್ಷದಿಂದ ಅರ್ಧ ಹೊಟ್ಟೆ ಉಣ್ಣುತ್ತಿದ್ದ ಆಕೆ ಅವತ್ತು ಎರಡು ಮುದ್ದೆ ಉಂಡರು. ನನ್ನ ಹೆಂಡತಿ ನೇತ್ರಾವತಿ ಆಜ್ಞೆ ಹೊರಡಿಸಿದಳು.

"ಇನ್ಮೇಲೆ ನೀವು ಆ ಕುರ್ಚಿ ಮೇಲೆ ಕುಂತ್ಕಬ್ಯಾಡ್ರಿ."

"ನನ್ನ ಸೊಂಟ ಕಣೆ!"

"ಅಪ್ಪಯ್ಯ ಬರ್ತಾ ಐತೆ ಅಂತ ಅವ್ವ ನಂಬೈತೆ. ನಿಮ್ಮ ಸೊಂಟ ಎಲ್ಲಿಗೂ ಹೋಗಲ್ಲ ಬಿಡ್ರಿ."

ನನಗೆ ರೇಗಿಹೋಯಿತು. ವಿಜ್ಞಾನದ ಮರ್ಯಾದೆ, ಅದಕ್ಕಿಂತ ಹೆಚ್ಚಾಗಿ ಕುರ್ಚಿ, ಎರಡೂ ಕೈತಪ್ಪುತ್ತಿದ್ದವು. ಮಾರನೆಯ ಸಂಜೆ ಬಾಗಿಲ ಸಂದಿಯಲ್ಲಿ ನಿಂತು ಕಾದೆ. ಹೊರಗೆ ಬೆಳಕು ಇಳಿಯುತ್ತಿತ್ತು. ಯಾರೂ ಮುಟ್ಟದೆ ಲೋಟದ ಟೀಯಲ್ಲಿ ಸಣ್ಣ ಅಲೆ ಎದ್ದಿತು. ಲೋಟ ಗಡಗಡ ಎಂದಿತು. ತಕ್ಕಡಿಯ ಕೆಂಪು ಅಂಕಿಗಳು ನಡುಗಿದವು. ಪರದೆ ಫಕ್ಕನೆ ಬೆಳಗಿತು. ನಾನು ಚೀರಬೇಕು ಎನ್ನುವಷ್ಟರಲ್ಲಿ ಹೊರಗೆ ಸೀಟಿ ಕೇಳಿಸಿತು.

ಸಂಜೆಯ ಪ್ಯಾಸೆಂಜರ್ ರೈಲು! ಹಳಿಯ ಬೆನ್ನಿಗೇ ಮನೆ. ಹುಟ್ಟಿದಾಗಿನಿಂದ ಕೇಳಿ ಕೇಳಿ ನಮ್ಮ ಮನೆಯವರಿಗೆ ರೈಲು ಕೇಳಿಸುವುದೇ ಇಲ್ಲ. ಅವರ ಜೊತೆಗಿದ್ದು ನನಗೂ ಅದೇ ಗತಿ ಬಂದಿತ್ತು. ರೈಲು ಬಂದರೆ ನೆಲ ಅದುರುತ್ತದೆ, ತಕ್ಕಡಿ "ಯಾರೋ ಭಾರ ಇಟ್ಟರು" ಎಂದು ಕೂಗುತ್ತದೆ, ಕಂಪ್ಯೂಟರ್ ಬೆಚ್ಚಿ ಏಳುತ್ತದೆ. ಮಾವನೂ ಅದೇ ಅದುರಿಗೆ ಏಳುತ್ತಿದ್ದರೇನೋ. ತಪ್ಪು ನನ್ನ ಡ್ರೈವರಿನದು. ಮೌಸಿನ ಡ್ರೈವರಿನಿಂದ ನಾಲ್ಕು ಸಾಲು ನಕಲು ಮಾಡಿದ್ದೆ. ಮಲಗಿದ ಯಂತ್ರವನ್ನು ಎಬ್ಬಿಸುವ ಹಕ್ಕು ಮೌಸಿಗೆ ಇರಬಹುದು, ಕೊಬ್ಬರಿ ತಕ್ಕಡಿಗೆ ಯಾಕೆ? ಮಲಗುವ ಮುನ್ನ ತಕ್ಕಡಿಯ ಬಾಯಿ ಕಟ್ಟಬೇಕು, ಎದ್ದ ಮೇಲೆ ಬಿಚ್ಚಬೇಕು. ಹಾಗೆಯೇ ತಿದ್ದಿದೆ. ಹೇಗೂ ಕೈ ಹಾಕಿದ್ದಕ್ಕೆ ಮೌಸು, ಕೀಬೋರ್ಡುಗಳ ಹಕ್ಕನ್ನೂ ಕಿತ್ತು, ಕಂಪ್ಯೂಟರ್ ಪೆಟ್ಟಿಗೆಯ ಗುಂಡಿ ಒತ್ತಿದರೆ ಮಾತ್ರ ಏಳಬೇಕೆಂದು ಶಾಸನ ಹೊರಡಿಸಿದೆ.

ಆ ಸಂಜೆ ರೈಲು ಬಂತು. ಲೋಟ ಗಡಗಡ ಎಂದಿತು. ಯಂತ್ರ ಗುಂಡುಕಲ್ಲಿನ ಹಾಗೆ ಮಲಗಿತ್ತು. ನಾನು ಕಂಬಳಿ ಸರಿಸಿ, ಕಾಲು ಚಾಚಿ ಕುರ್ಚಿಯಲ್ಲಿ ಕೂತು, ರೈಲು, ತಕ್ಕಡಿ, ಡ್ರೈವರ್ ಎಂದು ದೊಡ್ಡ ಭಾಷಣ ಮಾಡಿದೆ. ಅತ್ತೆ ಆರಿದ ಟೀಯನ್ನು ಎತ್ತಿಕೊಂಡು ಒಳಗೆ ಹೋದರು. "ಹಂಗಾರೆ ಅವ್ರು ಬಂದಿರ್ಲಿಲ್ಲ" ಎಂದಷ್ಟೇ ಕೇಳಿಸಿತು. ರಾತ್ರಿ ಆಕೆ ಊಟಕ್ಕೆ ಏಳಲಿಲ್ಲ. ನೇತ್ರಾವತಿ ಚೆನ್ನಾಗಿ ಬೈದು, ಮಾತು ಬಿಟ್ಟಳು.

ಮರುದಿನ ಸಂಜೆ ಯಂತ್ರವನ್ನು ಮಲಗಿಸಿ ಹಿತ್ತಲಲ್ಲಿ ಸೌದೆ ಒಡೆಯುತ್ತಿದ್ದೆ. ರೈಲು ಬಂದು ಹೋಯಿತು. ಆಮೇಲೆ ಅತ್ತೆಯ ದನಿ ಕೇಳಿತು.

"ಬಂದ್ರಾ? ಟೀ ತತ್ತೀನಿ, ಕುಂತ್ಕಳ್ರಿ."

ಓಡಿಹೋಗಿ ಇಣುಕಿದೆ. ಖಾಲಿ ಕುರ್ಚಿಯ ಮೇಲೆ ನೀಲಿ ಬೆಳಕು ಬಿದ್ದಿತ್ತು. ಅತ್ತೆ ಮಾರು ದೂರದಲ್ಲಿ ನಿಂತಿದ್ದರು. (ಶಾಕ್ ಹೊಡೆಯುತ್ತದೆಂದು ಆಕೆ ಕರೆಂಟಿನ ಸ್ವಿಚ್ಚನ್ನೂ ಮುಟ್ಟುವವರಲ್ಲ.) ಡ್ರೈವರ್ ನೋಡಿದೆ. ತಕ್ಕಡಿಯ ಬಾಯಿ ಭದ್ರವಾಗಿ ಕಟ್ಟಿತ್ತು. ಹಾಗಾದರೆ ಗುಂಡಿಯನ್ನು ಯಾರೋ ಒತ್ತಿರಲೇಬೇಕು.

ಅಷ್ಟರಲ್ಲಿ ನೇತ್ರಾವತಿ ಬೀದಿಯ ನಲ್ಲಿಯಿಂದ ಕೊಡ ಹೊತ್ತು ಬಂದಳು. ಅವ್ವ ಟೀ ಸೋಸುವುದನ್ನು ನೋಡಿ ಅವಳ ಕಣ್ಣು ತುಂಬಿತು. ನನ್ನ ಹತ್ತಿರ ಬಂದು ಪಿಸುಗುಟ್ಟಿದಳು.

"ಅವ್ವ ಉಣ್ಲಿ ಅಂತ ನೀವೇ ಗುಂಡಿ ಒತ್ತಿದ್ರಿ ಅಲ್ವಾ? ಎಂಥಾ ಮನಸ್ಸು ರೀ ನಿಮ್ದು! ನಾನು ಸುಮ್ನೆ ಬೈದೆ."

"ನೀನೇ ಒತ್ತಿದ್ದಾ?" ಎಂದು ನಾನೇ ಅವಳನ್ನು ಕೇಳಹೊರಟಿದ್ದೆ. ಮದುವೆಯಾದ ಮೇಲೆ ನನಗೆ ಸಿಕ್ಕ ಮೊದಲ ಹೊಗಳಿಕೆ ಅದು. ಅಲ್ಲವೆನ್ನಲು ಬಾಯಿ ಬರಲಿಲ್ಲ, ಹೌದೆನ್ನಲು ಧೈರ್ಯ ಬರಲಿಲ್ಲ. ಕೋಣೆಯೊಳಗೆ ಬೆತ್ತದ ಕುರ್ಚಿ ಒಮ್ಮೆ ಕಿರ್ ಎಂದಿತು.

ಶಿವಕುಮಾರಪ್ಪನವರ ಕೆಲಸ ಮುಗಿಯಿತು. ಆ ಮಂಡಿಯಲ್ಲಿ ಕಂಪ್ಯೂಟರ್ ಎಂದೂ ತಾನಾಗಿ ಎದ್ದಿಲ್ಲವಂತೆ. ಆದರೆ ಉಳಿದ ಡ್ರೈವರನ್ನೆಲ್ಲ ನಾನು ನಿಂತುಕೊಂಡೇ ಬರೆದು ಮುಗಿಸಿದೆ, ಕೋಣೆಯೊಳಗೆ ಹೋಗುವ ಮುನ್ನ ಬಾಗಿಲಲ್ಲಿ ಒಮ್ಮೆ ಕೆಮ್ಮಿ.