ರಾಮಾ ಗ್ರೀನ್ ಬಣ್ಣಕ್ಕೊಂದು ಫೋನು

ನಾನು ತುಮಕೂರಿನ ಶಿರಾ ಗೇಟ್ ಹತ್ತಿರ ಮ್ಯಾಚಿಂಗ್ ಸೆಂಟರ್ ಇಟ್ಟುಕೊಂಡಿದ್ದೇನೆ. ಸೀರೆಗೆ ಒಪ್ಪುವ ರವಿಕೆ ಬಟ್ಟೆ, ಫಾಲ್ಸ್, ಲೈನಿಂಗ್, ಇಷ್ಟೇ ನಮ್ಮ ವ್ಯಾಪಾರ. ಆದರೆ ಇದನ್ನು ವ್ಯಾಪಾರ ಎಂದರೆ ನನಗೆ ಸಿಟ್ಟು ಬರುತ್ತದೆ. ಇದೊಂದು ವಿದ್ಯೆ! ನಿಮಗೆ ಹಸಿರು ಎಂದರೆ ಒಂದು ಬಣ್ಣ. ನನಗೆ ಒಂದು ಬೀರು ತುಂಬ. ಗಿಣಿ ಹಸಿರು, ಎಲೆ ಹಸಿರು, ಮೆಹಂದಿ ಹಸಿರು, ಬಾಟಲ್ ಗ್ರೀನ್, ಆಮೇಲೆ ಹಸಿರಿನ ಸಾಲಲ್ಲಿ ಕೂತು ನೀಲಿಗೆ ಕಣ್ಣು ಹೊಡೆಯುವ ರಾಮಾ ಗ್ರೀನ್. ಚೇಳೂರಿನಿಂದ ಸಿ.ಎಸ್. ಪುರದವರೆಗೆ ಹೆಂಗಸರು ನನ್ನನ್ನು ‘ಮ್ಯಾಚಿಂಗ್ ರಿಯಾಜಣ್ಣ’ ಎಂದೇ ಕರೆಯುವುದು. ಈ ಬಿರುದನ್ನು ನಾನು ಯಾರ ಹತ್ತಿರವೂ ಕೇಳಿ ಪಡೆದದ್ದಲ್ಲ. ಬೋರ್ಡಿನ ಮೇಲೆ ಮಾತ್ರ ನಾನೇ ಬರೆಸಿದೆ.

ಇಂಥವನಿಗೆ ಎರಡು ಫೋನುಗಳಲ್ಲಿ ಒಂದನ್ನು ಆರಿಸುವುದು ಯಾವ ಮಹಾ ಕೆಲಸ?

ಫೋನಿನ ಪ್ರಸಂಗ ಶುರುವಾದದ್ದು ಗುಬ್ಬಿಯ ಪಂಕಜಕ್ಕನಿಂದ. ಮೊದಲೆಲ್ಲ ಹೆಂಗಸರು ಸೀರೆಯನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿ ಬರುತ್ತಿದ್ದರು. ಈಗ ಸೀರೆ ಮನೆಯಲ್ಲೇ ಇರುತ್ತದೆ, ಫೋಟೊ ಮಾತ್ರ ವಾಟ್ಸಾಪಿನಲ್ಲಿ ಬರುತ್ತದೆ. ಪಂಕಜಕ್ಕನೂ ಒಂದು ಫೋಟೊ ಕಳಿಸಿದರು. ನನ್ನ ಹಳೆಯ ಫೋನಿನಲ್ಲಿ ಹಿಗ್ಗಿಸಿ ನೋಡಿದೆ. ಅಪ್ಪಟ ಗಿಣಿ ಹಸಿರು! ಬಟ್ಟೆ ಕತ್ತರಿಸಿ, ಗುಬ್ಬಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸಿದೆ. ಸಂಜೆಗೆ ಫೋನ್ ಬಂತು.

“ರಿಯಾಜಣ್ಣ, ಏನಣ್ಣ ಇದು? ನಮ್ದು ರಾಮಾ ಗ್ರೀನ್ ಸೀರೆ. ನೀವ್ ಕಳ್ಸಿರೋದ್ ಹಾಕ್ಕೊಂಡ್ರೆ ಜನ ಗಿಣಿ ಅಂದ್ಕೊಂಡು ಸೀಬೆಹಣ್ಣು ಕೊಡ್ತಾರೆ ಅಷ್ಟೇ!”

ನಾನು ನಗಲು ಪ್ರಯತ್ನಿಸಿದೆ. ಅವರು ನಗಲಿಲ್ಲ.

“ಮಗಳ ಮದ್ವೆ ಕಣಣ್ಣ. ಮನೆ ಹೆಂಗಸ್ರದ್ದೆಲ್ಲ ನಿಮ್ಮತ್ರಾನೇ ಅಂತ ನಾನು ಹಠ ಹಿಡಿದಿದೀನಿ. ನಮ್ ಓರಗಿತ್ತೀರು ಬೆಂಗ್ಳೂರ್ಗೆ ಹೋಗಣ ಅಂತಾವ್ರೆ. ಎಲ್ಲಾ ಸೀರೆ ಫೋಟೋ ಕಳ್ಸ್ತೀನಿ. ಈ ಸಲಾನೂ ತಪ್ಪಾದ್ರೆ ಅವ್ರ ಮುಂದೆ ನಾನ್ ತಲೆ ಎತ್ತಂಗಿಲ್ಲ.”

ಪಂಕಜಕ್ಕನ ತಲೆ, ನನ್ನ ಬೋರ್ಡು, ಎರಡೂ ಒಟ್ಟಿಗೆ ತೂಗಾಡತೊಡಗಿದವು. ನನಗೆ ನಿಜವಾಗಿ ಹೆದರಿಕೆಯಾಯಿತು. ಗುಬ್ಬಿಯಲ್ಲಿ ಒಂದು ಮದುವೆ ಕೈತಪ್ಪಿದರೆ ಆ ಸುದ್ದಿ ನಾನು ಕಳಿಸಿದ ಬಟ್ಟೆಗಿಂತ ಬೇಗ ಊರೂರು ತಲುಪುತ್ತದೆ.

“ತಪ್ಪು ನನ್ನ ಕಣ್ಣಿನದಲ್ಲ. ಈ ಫೋನಿನದು. ಭಾರಿ ಫೋನೊಂದು ತಗೊಳ್ಳೋದೇ ಸೈ!” ಎಂದು ಮನೆಯಲ್ಲಿ ಘೋಷಿಸಿದೆ.

ನನ್ನ ಹೆಂಡತಿ ಶಾಹೀನ್ ಕೊತ್ತಂಬರಿ ಸೋಸುತ್ತಿದ್ದಳು. ನಮ್ಮ ಮನೆಯಲ್ಲಿ ಜಗಳ ಉರ್ದುವಿನಲ್ಲಿ ನಡೆಯುತ್ತದೆ. ನಿಮ್ಮ ಅನುಕೂಲಕ್ಕಾಗಿ ಕನ್ನಡದಲ್ಲಿ ಕೊಡುತ್ತಿದ್ದೇನೆ. ಮೂಲದಲ್ಲಿ ಖಾರ ಇನ್ನೂ ಜಾಸ್ತಿ.

“ಆ ಫೋನಲ್ಲೂ ಹಲೋ ಅಂದ್ರೆ ಹಲೋ ಅಂತಾನೇ ತಾನೆ ಕೇಳ್ಸೋದು?”

“ಇದು ಹಲೋ ವಿಷಯ ಅಲ್ಲ ಕಣೇ. ಬಣ್ಣದ ವಿಷಯ.”

“ಬಣ್ಣ ನೋಡೋದು ಕಣ್ಣಲ್ಲಿ. ಹೋಗ್ಲಿ, ನನ್ ಮಾತು ಯಾವಾಗ ಕೇಳಿದೀರಾ?”

ಕೇಳಲಿಲ್ಲ. ವಿಚಾರಣೆ ಆರಂಭಿಸಿದೆ. ಪಕ್ಕದ ಬಳೆ ಅಂಗಡಿಯ ನಾಗರಾಜು ಒಂದು ಫೋನಿನ ಪರ. ಕುಣಿಗಲ್ಲಿನಲ್ಲಿರುವ ನನ್ನ ಭಾಮೈದ ಇಮ್ರಾನ್ ಇನ್ನೊಂದರ ಪರ. ಕಂಪನಿಗಳ ಹೆಸರು ನಾನು ಹೇಳುವುದಿಲ್ಲ, ನಮ್ಮ ಕಸುಬಿನಲ್ಲಿ ಹೆಸರಿಗಿಂತ ಬಣ್ಣ ಮುಖ್ಯ. ನಾಗರಾಜುವಿನದು ಬೂದಿ ಬಣ್ಣದ್ದು, ಇಮ್ರಾನನದು ಕನಕಾಂಬರ ಬಣ್ಣದ್ದು. ಬೆಲೆಯನ್ನೂ ಹೇಳುವುದಿಲ್ಲ. ಶಾಹೀನ್ ಇದನ್ನು ಓದುವ ಸಾಧ್ಯತೆ ಇದೆ.

“ಅಣ್ಣ, ಬೂದಿ ತಗೊಳ್ಳಿ. ಇದ್ರಾಗೆ ಚಂದ್ರನ್ ಮೇಲಿನ ಗುಂಡಿ ಕೂಡ ಕಾಣುತ್ತೆ” ಎಂದ ನಾಗರಾಜು.

“ಭಾವ, ನಿಮ್ ಗಿರಾಕಿಗಳೇನ್ ಚಂದ್ರನ ಮೇಲೆ ಇದಾರಾ? ಕನಕಾಂಬರ ತಗೊಳ್ಳಿ. ಕೈಯಲ್ಲಿದ್ರೆ ಮರ್ಯಾದೆನೇ ಬೇರೆ” ಎಂದ ಇಮ್ರಾನ್.

ಇಬ್ಬರ ಜಗಳ ಎಲ್ಲಿಗೆ ಮುಟ್ಟಿತೆಂದರೆ, ನನ್ನ ಅಂಗಡಿಗೆ ಲೈನಿಂಗ್ ಕೇಳಲು ಬಂದ ಹೆಂಗಸರೂ ಪಕ್ಷ ಕಟ್ಟಿದರು. ಕೊನೆಗೆ ನಾನೇ ನ್ಯಾಯಾಧೀಶನಾಗಿ, ಎರಡೂ ಕಡೆಯ ವಕೀಲರನ್ನು ಕರೆದುಕೊಂಡು ಶಿರಾ ಗೇಟಿನಲ್ಲೇ ಇದ್ದ ದೊಡ್ಡ ಶೋರೂಮಿಗೆ ಹೋದೆ. ಜೇಬಿನಲ್ಲಿ ಬಟ್ಟೆಯ ತುಂಡುಗಳ ಒಂದು ಕಟ್ಟು ಇಟ್ಟುಕೊಂಡೆ. ಅದೇ ನನ್ನ ಪ್ರಶ್ನೆಪತ್ರಿಕೆ.

ಒಳಗೆ ಒಬ್ಬ ಹುಡುಗಿ ಮೆಗಾಪಿಕ್ಸೆಲ್, ಪ್ರೊಸೆಸರ್ ಎಂದು ಒಂದೇ ಉಸಿರಿಗೆ ಹೇಳತೊಡಗಿದಳು. ನಾನು ಕೈಯೆತ್ತಿ ತಡೆದೆ. “ಅದೆಲ್ಲ ಇರ್ಲಿಮ್ಮಾ, ಇದು ಯಾವ ಬಣ್ಣ ಹೇಳು” ಎಂದು ಒಂದು ತುಂಡು ತೆಗೆದೆ.

“ಗ್ರೀನ್ ಸರ್.”

“ಯಾವ ಗ್ರೀನ್?”

ಹುಡುಗಿ ಮ್ಯಾನೇಜರನ ಕಡೆ ನೋಡಿದಳು. ನಾನು ಗಾಜಿನ ಕೌಂಟರಿನ ಮೇಲೆ ಇಡೀ ಕಟ್ಟನ್ನು ಹರಡಿದೆ. ಫೋನ್ ನೋಡಲು ಬಂದಿದ್ದ ಇಬ್ಬರು ಹೆಂಗಸರು ಫೋನ್ ಬಿಟ್ಟು ನನ್ನ ಕಡೆ ಬಂದರು. “ಅಣ್ಣ, ಈ ಈರುಳ್ಳಿ ಬಣ್ಣದ್ದು ಒಂದ್ ಮೀಟ್ರು ಸಿಗುತ್ತಾ?” ಶೋರೂಮಿನಲ್ಲಿ ನಿಂತು ಎರಡು ಆರ್ಡರ್ ಹಿಡಿದ ಮೇಲೆ ನನ್ನ ಆತ್ಮವಿಶ್ವಾಸ ಛಾವಣಿ ಮುಟ್ಟಿತು.

ಈಗ ಪರೀಕ್ಷೆ. ರಾಮಾ ಗ್ರೀನ್ ತುಂಡನ್ನು ಬೂದಿಯಲ್ಲೂ ಕನಕಾಂಬರದಲ್ಲೂ ಫೋಟೊ ತೆಗೆದೆ. ಎರಡೂ ಬೇರೆ ಬೇರೆ! ಕಾರಣ ತಕ್ಷಣ ಹೊಳೆಯಿತು. ಮೇಲೆ ಟ್ಯೂಬ್‌ಲೈಟು. ಮ್ಯಾಚಿಂಗ್ ಸೆಂಟರಿನ ಮೊದಲ ಪಾಠವೇ ಇದು: ಒಳಗೆ ನೋಡಿದ ಬಣ್ಣವನ್ನು ನಂಬಬೇಡ, ಹೊರಗೆ ಬಿಸಿಲಿಗೆ ಹಿಡಿದು ನೋಡು. ನನ್ನ ಅಂಗಡಿಯಲ್ಲಿ ದಿನವಿಡೀ ಹೆಂಗಸರು ಸೀರೆಯ ಸೆರಗು, ಬಟ್ಟೆಯ ತಾನು ಎರಡನ್ನೂ ಹಿಡಿದು ಬೀದಿಗೆ ಹೋಗಿ ನೋಡಿ ಬರುತ್ತಾರೆ. ಯಾರೂ ಅವರನ್ನು ಏನೂ ಕೇಳುವುದಿಲ್ಲ. ಅದು ನಮ್ಮಲ್ಲಿ ವಾಡಿಕೆ.

ಆ ವಾಡಿಕೆಯಂತೆ ನಾನು ಬಲಗೈಯಲ್ಲಿ ಬೂದಿ, ಎಡಗೈಯಲ್ಲಿ ಕನಕಾಂಬರ ಹಿಡಿದು, ಬಟ್ಟೆಯ ತುಂಡನ್ನು ಹಲ್ಲಲ್ಲಿ ಕಚ್ಚಿಕೊಂಡು ಬಾಗಿಲ ಕಡೆ ಹೆಜ್ಜೆ ಹಾಕಿದೆ.

ಫೋನುಗಳಿಗೆ ವೈರು ಇತ್ತಂತೆ. ನಾನೇನು ಬಲ್ಲೆ? ಬಟ್ಟೆಯ ತಾನಿಗೆ ಯಾರಾದರೂ ವೈರು ಕಟ್ಟುತ್ತಾರಾ? ಏನೋ ಎಳೆದಂತಾಯಿತು, ನಾನೂ ಎಳೆದೆ. ವೈರು ಕಿತ್ತು ಬಂತು. ಕುಂಯ್ಯೋ ಎಂದು ಸೈರನ್ ಹೊಡೆದುಕೊಳ್ಳತೊಡಗಿತು!

ಸೆಕ್ಯೂರಿಟಿಯವನು ನನ್ನ ಸೊಂಟ ಹಿಡಿದ. ನಾನು ಮಾತಾಡಲು ನೋಡಿದೆ, ಬಾಯಲ್ಲಿ ಬಟ್ಟೆ. ಬೀದಿಯಲ್ಲಿ ಆಟೋಗಳು ನಿಂತವು. ನನ್ನ ವಕೀಲರ ಕಡೆ ತಿರುಗಿದೆ. ನಾಗರಾಜು ಚಾರ್ಜರಿನ ಬೆಲೆ ಓದುತ್ತಿದ್ದ. ಇಮ್ರಾನ್ ಫ್ರಿಜ್ಜಿನ ಬಾಗಿಲು ತೆಗೆದು ಒಳಗೆ ನೋಡುತ್ತಿದ್ದ. ಬೆಳಗಿನಿಂದ ಕಚ್ಚಾಡಿದ ಇಬ್ಬರೂ ನನ್ನನ್ನು ಕಂಡೇ ಇಲ್ಲ ಎನ್ನುವ ವಿಷಯದಲ್ಲಿ ಒಮ್ಮತಕ್ಕೆ ಬಂದಿದ್ದರು.

ಹೊರಗಿನಿಂದ ಒಂದು ಧ್ವನಿ ಕೇಳಿತು. “ಅಯ್ಯೋ, ನಮ್ ಮ್ಯಾಚಿಂಗ್ ರಿಯಾಜಣ್ಣ ಅಲ್ವಾ? ಯಾಕಣ್ಣ, ವ್ಯಾಪಾರ ಡಲ್ಲಾ?”

ಈರುಳ್ಳಿ ಬಣ್ಣದ ಗಿರಾಕಿಗಳೇ ನನ್ನನ್ನು ಬಿಡಿಸಿದರು. “ಅವ್ರು ಕಳ್ಳ ಅಲ್ಲ ಕಣಪ್ಪ, ಬಿಸ್ಲಲ್ಲಿ ಬಣ್ಣ ನೋಡಕ್ ಹೊಂಟವ್ರೆ” ಎಂದು ಸೆಕ್ಯೂರಿಟಿಯವನಿಗೆ ವಿವರಿಸಿದರು. ಮ್ಯಾನೇಜರ್ ಒಳ್ಳೆಯ ಮನುಷ್ಯ. ಫೋನುಗಳನ್ನು ಹುಡುಗಿಯ ಕೈಯಲ್ಲಿ ಕೊಟ್ಟು, ಸೆಕ್ಯೂರಿಟಿಯ ಕಾವಲಿನಲ್ಲಿ ನನ್ನನ್ನು ಫುಟ್‌ಪಾತಿಗೆ ಕಳಿಸಿದ. ಬಿಸಿಲಲ್ಲಿ ಸತ್ಯ ಹೊರಬಿತ್ತು. ಬೂದಿ ಫೋನು ಮದುವೆ ಬ್ರೋಕರ್ ಥರ, ಇದ್ದುದಕ್ಕಿಂತ ಚಂದ ತೋರಿಸಿತು. ಕನಕಾಂಬರ ಮಾತ್ರ ರಾಮಾ ಗ್ರೀನನ್ನು ಇದ್ದಂತೆಯೇ ತೋರಿಸಿತು. ತೀರ್ಪು ಕೊಟ್ಟೆ. ಕನಕಾಂಬರ! ಇಮ್ರಾನ್ ಫ್ರಿಜ್ಜಿನಿಂದ ಈಚೆ ಬಂದು ನನ್ನನ್ನು ಅಪ್ಪಿಕೊಂಡ. ನಾಗರಾಜು ಮಾತು ಬಿಟ್ಟ.

ಮಾರನೆಯ ದಿನ ಪಂಕಜಕ್ಕನ ಸೀರೆಗಳ ಫೋಟೊಗಳು ಸಾಲಾಗಿ ಬಂದವು. ಹೊಸ ಫೋನಿನಲ್ಲಿ ಏನು ಹೊಳಪು! ಶಾಹೀನಳನ್ನು ಕರೆದು ತೋರಿಸಿದೆ. “ನೋಡು, ಇದು ಎಲೆ ಹಸಿರು. ಇದು ಪಕ್ಕಾ ಮರೂನ್. ಈಗಲೇ ಕತ್ತರಿಸ್ತೀನಿ.”

ಅವಳು ಫೋಟೊ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

“ಈ ಫೋಟೋ ತೆಗ್ದಿದ್ದು ಯಾರು?”

“ಪಂಕಜಕ್ಕ.”

“ಯಾವ ಫೋನಲ್ಲಿ?”

ನಾನು ಬಾಯಿ ತೆರೆದೆ.

“ಅವ್ರ ಹಳೇ ಫೋನಲ್ಲಿ, ಟ್ಯೂಬ್‌ಲೈಟ್ ಕೆಳಗೆ” ಎಂದು ಅವಳೇ ಉತ್ತರಿಸಿದಳು. “ತಪ್ಪು ಬಣ್ಣಾನ ಈಗ ಕ್ಲಿಯರಾಗಿ ನೋಡ್ತಾ ಇದೀರಾ. ಅಷ್ಟೇ ವ್ಯತ್ಯಾಸ.”

ಇಡೀ ಶಿರಾ ಗೇಟ್ ಮುಂದೆ ಕಳ್ಳನಾಗಿ ನಾನು ಸಂಪಾದಿಸಿದ್ದು ಇದು! ಕತ್ತರಿ ಕೆಳಗಿಟ್ಟೆ. ಮಾರನೆಯ ದಿನ ಕತ್ತಲಿರುವಾಗಲೇ ಎದ್ದು, ಇಸ್ತ್ರಿ ಶರ್ಟು, ಬೂಟು ಹಾಕಿಕೊಂಡು, ಬಟ್ಟೆಯ ಗಂಟುಗಳನ್ನು ಹೊತ್ತುಕೊಂಡು ಮೊದಲ ಬಸ್ಸಿಗೇ ಗುಬ್ಬಿಗೆ ಹೊರಟೆ.

ಪಂಕಜಕ್ಕನ ಮನೆಯ ಅಂಗಳದಲ್ಲಿ ಚಾಪೆ ಹಾಸಿ ಸೀರೆಗಳನ್ನು ಬಿಸಿಲಿಗೆ ಹರಡಿದೆವು. ಫೋಟೊದಲ್ಲಿ ಎಲೆ ಹಸಿರಾಗಿದ್ದದ್ದು ನಿಜದಲ್ಲಿ ಮೆಹಂದಿ. ಪಕ್ಕಾ ಮರೂನ್ ಆಗಿದ್ದದ್ದು ಬದನೆಕಾಯಿ. ಒಂದೊಂದಕ್ಕೂ ಬಟ್ಟೆ ಹಿಡಿದು, ಕಣ್ಣಳತೆಯಲ್ಲೇ ಜೋಡಿ ಮಾಡಿದೆ. ಬೆಂಗಳೂರಿನ ಮಾತಾಡಿದ್ದ ಓರಗಿತ್ತಿಯರು ಹತ್ತಿರ ಬಂದು ಬಂದು ನೋಡಿ, ಕೊನೆಗೆ “ಒಂದೂ ತಪ್ಪಿಲ್ಲ ಕಣಕ್ಕ” ಎಂದರು. ಪಂಕಜಕ್ಕ ತಲೆ ಎತ್ತಿ ಇಡೀ ಅಂಗಳವನ್ನು ಒಮ್ಮೆ ನೋಡಿದರು. ನನ್ನ ಕಣ್ಣು ತುಂಬಿ ಬಂತು.

“ಭಾರಿ ಫೋನ್ ತಗೊಂಡವ್ರಂತೆ ಅಣ್ಣ. ತತ್ತಾ, ಎಲ್ರುದೂ ಒಂದ್ ಫೋಟೋ ತೆಗೆಯಣ” ಎಂದು ಮಗಳಿಗೆ ಹೇಳಿದರು ಪಂಕಜಕ್ಕ. ನನ್ನ ಫೋನನ್ನು ಹುಡುಗಿಯ ಕೈಗೆ ಕೊಟ್ಟು, ನಾನು ಸೀರೆಗಳ ನಡುವೆ ಎದೆಯುಬ್ಬಿಸಿ ನಿಂತೆ. ಪಂಕಜಕ್ಕನ ಮಗಳು ಕ್ಲಿಕ್ಕಿಸಿದಳು. ಎಲ್ಲರೂ ಮುತ್ತಿಕೊಂಡು ನೋಡಿದರು. ಎಂಥಾ ಫೋಟೊ! ಸೀರೆಯ ಒಂದೊಂದು ಎಳೆಯೂ ಎಣಿಸುವ ಹಾಗಿತ್ತು. ಹುಡುಗಿ ಎರಡು ಬೆರಳಲ್ಲಿ ಫೋಟೊ ಹಿಗ್ಗಿಸುತ್ತಾ ಕೆಳಗೆ, ಕೆಳಗೆ, ಇನ್ನೂ ಕೆಳಗೆ ಇಳಿದಳು. ಥಟ್ಟನೆ ನಿಂತಳು. ಬಾಯಿಗೆ ಸೆರಗು ಅಡ್ಡ ಹಿಡಿದಳು.

ಬೂಟನ್ನು ಬಾಗಿಲಲ್ಲೇ ಬಿಟ್ಟಿದ್ದೆ. ಚಾಪೆಯ ಮೇಲೆ ನನ್ನ ಎರಡು ಪಾದಗಳು. ಒಂದರ ಕಾಲುಚೀಲ ಕಪ್ಪು. ಇನ್ನೊಂದರದು ನೇವಿ ಬ್ಲೂ!

“ಬುಡಿ ಅಣ್ಣ, ಯಾರ್ ನೋಡ್ತಾರೆ” ಎಂದರು ಪಂಕಜಕ್ಕ, ನಗು ತಡೆಯುತ್ತಾ.

ಅಷ್ಟರಲ್ಲಿ ಹುಡುಗಿ ಆ ಫೋಟೊವನ್ನು ತನ್ನ ಫೋನಿಗೆ ಹಾಕಿಕೊಂಡು ಮದುವೆಯ ಗ್ರೂಪಿಗೆ ಕಳಿಸಿ ಆಗಿತ್ತು. ಸಿ.ಎಸ್. ಪುರದ ಯಾರೋ ಅತ್ತೆಯ ಮೆಸೇಜು ಮೊದಲು ಬಂತು.

“ಇವ್ರೇನಾ ಮ್ಯಾಚಿಂಗ್ ನೋಡಕ್ ಬಂದಿರೋರು?”