ಹದಿನೇಳನೇ ನಂಬರಿನ ಕನ್ನಡಿ

ಪರರ ಮರೆವನ್ನು ಹಿಡಿಯುವುದೇ ಉದ್ಯೋಗವಾದವನಿಗೆ ತನಗೂ ಮರೆವುಂಟು ಎಂಬುದು ಬೇಗ ಹೊಳೆಯುವುದಿಲ್ಲ. ನನಗೆ ಹದಿನೆಂಟು ವರ್ಷ ಹೊಳೆದಿರಲಿಲ್ಲ. ಬೆಂಗಳೂರಿನ ಹೊರವಲಯದಲ್ಲಿ ಸಣ್ಣ ವಿಮಾನಗಳಿಗೆ ಬಿಡಿಭಾಗ ಒದಗಿಸುವ, ಅವುಗಳನ್ನು ಬಿಚ್ಚಿ ರಿಪೇರಿ ಮಾಡಿಕೊಡುವ ಕಂಪನಿಯೊಂದರಲ್ಲಿ ನಾನು ಸ್ಟೋರ್ ಕೀಪರ್. ವಾರವೆಲ್ಲ ಅಲ್ಲೇ ಒಂದು ರೂಮಿನಲ್ಲಿದ್ದು ಶನಿವಾರ ಸಂಜೆ ಬಸ್ಸು ಹಿಡಿದು ಕೊಡಿಗೇನಹಳ್ಳಿಯ ಮನೆಗೆ ಬರುತ್ತೇನೆ. ಊರಿನಲ್ಲಿ ನನ್ನ ಬಗ್ಗೆ ಇರುವ ಕಲ್ಪನೆಯೇ ಬೇರೆ. ನಮ್ಮ ಪಕ್ಕದ ಮನೆಯಲ್ಲೇ ಇರುವ, ಕುರಿ ಸಾಕುವ ರಂಗಪ್ಪ ಚಿಕ್ಕಪ್ಪ ಬಂದವರಿಗೆಲ್ಲ, "ನಮ್ ನಾಗ್ರಾಜ ಇಮಾನ ರಿಪೇರಿ ಮಾಡ್ತಾನೆ. ಅವ್ನು ಕೈ ಇಕ್ಕದಿದ್ರೆ ಅದು ಮ್ಯಾಕೇ ಏಳಲ್ಲ" ಎಂದು ಹೇಳಿಕೊಂಡು ಬರುತ್ತಾರೆ.

ನಾನು ಇಷ್ಟು ವರ್ಷಗಳಲ್ಲಿ ವಿಮಾನದ ಒಂದು ತಿರುಪನ್ನೂ ತಿರುಗಿಸಿದವನಲ್ಲ. ತಿರುಪಿನ ಕಾಗದಪತ್ರ ನೋಡುವವನು. ವಿಮಾನಕ್ಕೆ ಹಾಕುವ ಒಂದು ಬೋಲ್ಟು ಬಂದರೆ ಅದರ ಜೊತೆ ಅದು ಎಲ್ಲಿ ಹುಟ್ಟಿತು, ಯಾರು ಪರೀಕ್ಷಿಸಿದರು, ಯಾರ ಕೈ ದಾಟಿ ಬಂತು ಎಂಬ ಪತ್ರವೂ ಬರಬೇಕು. ಪತ್ರವಿಲ್ಲದಿದ್ದರೆ ಬೋಲ್ಟು ಎಷ್ಟೇ ಮಿಂಚಲಿ, ಗುಜರಿಗೆ ಸಮ. ಇದನ್ನು ಮದುವೆಯಾದ ಹೊಸದರಲ್ಲಿ ಹೆಂಡತಿ ಗಿರಿಜೆಗೆ ಹೆಮ್ಮೆಯಿಂದ ವಿವರಿಸಿದ್ದೆ. ಅವಳು ಸಾರಿಗೆ ಒಗ್ಗರಣೆ ಹಾಕುತ್ತಲೇ, "ನಮ್ಮಪ್ಪನೂ ಇಷ್ಟು ವಿಚಾರಿಸಿದ್ರೆ ಚೆನ್ನಾಗಿರ್ತಿತ್ತು" ಎಂದಳು. ಆಮೇಲೆ ನಾನು ಮನೆಯಲ್ಲಿ ಆಫೀಸಿನ ವಿಷಯ ಮಾತಾಡುವುದನ್ನು ಕಡಿಮೆ ಮಾಡಿದೆ.

ಬಿಡಿಭಾಗಗಳ ಹಾಗೆ ಉಪಕರಣಗಳೂ ನನ್ನ ವಶದಲ್ಲೇ ಇರುತ್ತವೆ. ಬೀರುವಿನಲ್ಲಿ ಒಂದೊಂದು ಸ್ಪ್ಯಾನರಿಗೂ ಅದರದೇ ಆಕಾರದ ಗುಳಿ, ಅದರದೇ ನಂಬರು. ಕೆಲಸಕ್ಕೆ ತೆಗೆದುಕೊಂಡವರು ಸಹಿ ಹಾಕಬೇಕು, ಸಂಜೆ ವಾಪಸು ಕೊಟ್ಟಾಗ ನಾನು ಸಹಿ ಹಾಕಬೇಕು. ಒಂದು ಗುಳಿ ಖಾಲಿಯಿದ್ದರೂ ವಿಮಾನ ಹಾರುವಂತಿಲ್ಲ. ಆ ವಸ್ತು ಅದರ ಹೊಟ್ಟೆಯೊಳಗೇ ಉಳಿದಿರಬಹುದು, ಮೇಲೆ ಹೋದಮೇಲೆ ಎಲ್ಲೋ ಸಿಕ್ಕಿಕೊಳ್ಳಬಹುದು. ಇದು ತಮಾಷೆಯ ಮಾತಲ್ಲ. ಆದ್ದರಿಂದಲೇ ನಾನು ಈ ವಿಷಯದಲ್ಲಿ ಯಾರ ಮುಖವನ್ನೂ ನೋಡುವವನಲ್ಲ.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಊರಿನ ಮನೆಯಲ್ಲಿ ಚಿತ್ರಾನ್ನ ತಿನ್ನುತ್ತಿದ್ದಾಗ ನಸ್ರೀನಳ ಫೋನು ಬಂತು. ಸಿರಾದ ಹುಡುಗಿ, ನಮ್ಮಲ್ಲಿ ಟೆಕ್ನಿಷಿಯನ್. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಅದಕ್ಕಿಂತ ಚುರುಕು. ಆವತ್ತು ಮಾತ್ರ ದನಿ ಇಳಿದಿತ್ತು.

"ಸಾರ್, ಹದಿನೇಳನೇ ನಂಬರ್ ಕನ್ನಡಿ ಬೀರುನಲ್ಲಿಲ್ಲ."

ಎಳೆದರೆ ಉದ್ದವಾಗುವ, ತಳ್ಳಿದರೆ ಪೆನ್ನಿನಷ್ಟಾಗುವ ಕಡ್ಡಿಯ ತುದಿಯಲ್ಲಿ ರೂಪಾಯಿ ಅಗಲದ ಕನ್ನಡಿ ಅದು. ಕಣ್ಣು ಹೋಗದ ಸಂದಿಗೆ ತೂರಿಸಿ ನೋಡಲು ಬಳಸುತ್ತಾರೆ. ಶನಿವಾರ ಅದನ್ನು ತೆಗೆದುಕೊಂಡಿದ್ದವಳು ನಸ್ರೀನಳೇ. ಅವಳು ಕೆಲಸ ಮಾಡಿದ್ದ ಆರು ಸೀಟಿನ ವಿಮಾನ ಭಾನುವಾರ ಮಧ್ಯಾಹ್ನವೇ ಹಾರಬೇಕಿತ್ತು.

"ಕೊನೆಗೆ ತಗೊಂಡೋಳು ನೀನೇ ಅಲ್ವಾ?" ಎಂದೆ.

"ವಾಪಸ್ ಕೊಟ್ಟೆ ಸಾರ್, ಕಸಮ್, ಆಣೆಗೂ. ನೀವೇ ಸೈನ್ ಹಾಕಿದ್ರಿ."

"ಸೈನ್ ಹಾಕಿದ್ಮೇಲೆ ನೀನೇ ಮತ್ತೆ ತಗೊಂಡಿರ್ಬೇಕು. ವಿಮಾನದೊಳಗೆ ಹುಡುಕು. ಸೀಟು ಕಳಚು, ನೆಲದ ಹಲಗೆ ಬಿಚ್ಚು. ಸಿಗೋವರೆಗೂ ಬಿಡಬೇಡ."

"ಆಯ್ತು ಸಾರ್" ಎಂದಳು. ಒಂದು ಗಂಟೆಯ ನಂತರ ಮತ್ತೆ ಫೋನು ಮಾಡಿ, ಸೀಟು ಕಳಚಿದೆವು, ಇಲ್ಲ ಎಂದಳು. ಇನ್ನೊಂದು ಗಂಟೆಯ ನಂತರ ಮ್ಯಾನೇಜರ್ ಬಂದಿದ್ದಾರೆ, ತನ್ನನ್ನು ಕೂರಿಸಿ ಕೇಳುತ್ತಿದ್ದಾರೆ ಎಂದಳು. ನಾನು ಜವಾಬ್ದಾರಿ ಎಂಬ ವಿಷಯದ ಮೇಲೆ ಫೋನಿನಲ್ಲೇ ಸಣ್ಣ ಉಪನ್ಯಾಸ ಕೊಟ್ಟೆ. ಚೆನ್ನಾಗಿಯೇ ಕೊಟ್ಟೆನೆಂದು ಆಗ ಅನ್ನಿಸಿತು.

ಉಪನ್ಯಾಸ ಮುಗಿಸಿ ಹಿತ್ತಲಿಗೆ ಬಂದರೆ ಚಿಕ್ಕಪ್ಪ ಒಂದು ಕುರಿಯನ್ನು ಮೊಣಕಾಲ ಸಂದಿಯಲ್ಲಿ ಇರುಕಿಸಿಕೊಂಡು ಅದರ ಬಾಯಿ ಅಗಲಿಸಿದ್ದರು. ಎರಡು ದಿನದಿಂದ ಅದು ಮೇವು ಮುಟ್ಟಿರಲಿಲ್ಲ. ಅವರ ಬಲಗೈಯಲ್ಲಿ ಉದ್ದದ ಕಡ್ಡಿ. ಕಡ್ಡಿಯ ತುದಿ ಕುರಿಯ ಗಂಟಲಿನ ಹತ್ತಿರ.

"ಬಾರ್ಲಾ ನಾಗ್ರಾಜ, ಇಲ್ನೋಡು! ದವಡೆ ಹಿಂದುಕ್ಕೆ ಜಾಲಿಮುಳ್ಳು ಹೆಂಗ್ ಸಿಗಾಕ್ಕಂಡೈತೆ. ನಿಮ್ಮ ಇಮಾನದ ಕನ್ನಡಿ ಇಲ್ದಿದ್ರೆ ಕಾಣ್ತಾನೇ ಇರ್ಲಿಲ್ಲ."

ಕಡ್ಡಿಯ ಮೇಲೆ ಕೆತ್ತಿದ್ದ ಹದಿನೇಳು ಎಂಬ ಅಂಕಿ ಕುರಿಯ ಜೊಲ್ಲಿನಲ್ಲಿ ಮಿಂಚುತ್ತಿತ್ತು.

ನನಗೆ ಎಲ್ಲವೂ ನೆನಪಾಯಿತು. ಶನಿವಾರ ಸಂಜೆ ಬಸ್ಸಿನ ಅವಸರದಲ್ಲಿದ್ದೆ. ನಸ್ರೀನ್ ಕನ್ನಡಿ ಕೊಟ್ಟಳು, ಸಹಿ ಹಾಕಿದೆ. ಅಷ್ಟರಲ್ಲಿ ಒಂದು ಚೀಟಿ ಕಪಾಟಿನ ಹಿಂದೆ ಬಿತ್ತು. ಅದೇ ಕನ್ನಡಿಯಿಂದ ಇಣುಕಿ ನೋಡಿ, ಪೆನ್ನು ಸಿಕ್ಕಿಸಿಕೊಳ್ಳುವ ಹಾಗೆ ಜೇಬಿಗೆ ಸಿಕ್ಕಿಸಿಕೊಂಡು, ಬೀಗ ಹಾಕಿ, ಬೀಗದ ಕೈ ಗೇಟಿನಲ್ಲಿ ಕೊಟ್ಟು ಬಂದಿದ್ದೆ. ಅಂಗಿ ಒಗೆಯಲು ತೆಗೆದಾಗ ಗಿರಿಜೆ ಅದನ್ನು ಕಿಟಕಿಯ ಮೇಲಿಟ್ಟಿದ್ದಳು. ಚಿಕ್ಕಪ್ಪ ಕೇಳಿದರು, ಕೊಟ್ಟಳು.

"ಬೆಳಗ್ಗಿಂದ ಕನ್ನಡಿ ಕನ್ನಡಿ ಅಂತ ಕೂಗ್ತಾ ಇದ್ದೆನಲ್ಲೇ, ನಿನಗೆ ಗೊತ್ತಾಗಲಿಲ್ವಾ?" ಎಂದು ಗಿರಿಜೆಯ ಮೇಲೆ ರೇಗಿದೆ.

"ಇಮಾನದ್ದು ಅಂದ್ರೆ ಬಾಗ್ಲಷ್ಟು ದೊಡ್ಡದಿರುತ್ತೆ ಅಂದ್ಕಂಡೆ" ಎಂದಳು. ಆಮೇಲೆ ನನ್ನ ಮುಖ ನೋಡಿ, "ಆ ಹುಡ್ಗಿಗೆ ಫೋನ್ ಮಾಡ್ರಿ ಮೊದ್ಲು" ಎಂದಳು.

ಮಾಡಲೇಬೇಕು ಎಂದು ಗೊತ್ತಿತ್ತು. ಆದರೂ ನಾನು ಬಾವಿಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತೆ. ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಬೀರುವಿನ ಕೆಳಗೆ ಅದನ್ನು ಉರುಳಿಸಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ ಎಂಬ ಯೋಚನೆ ಬಂತು. ಬರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಅಷ್ಟು ಹೊತ್ತಿಗೆ ಚಿಕ್ಕಪ್ಪ ಇಕ್ಕಳದಲ್ಲಿ ಮುಳ್ಳು ಕಿತ್ತಿದ್ದರು. ಕುರಿ ತಲೆ ಕೊಡವಿ ಎದ್ದು ಹುರುಳಿ ಹೊಟ್ಟಿಗೆ ಬಾಯಿ ಹಾಕಿತು. ನಾನು ಮ್ಯಾನೇಜರಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕುರಿಯ ವಿಷಯ ಬಿಡೋಣವೆಂದುಕೊಂಡಿದ್ದೆ. ಅದು ಹಿಂದಿನಿಂದ ತಾನೇ ಅರಚಿತು.

ಆಮೇಲೆ ನಸ್ರೀನಳಿಗೆ ಮಾಡಿದೆ. "ತಪ್ಪು ನಂದೇ ಕಣಮ್ಮ" ಎಂದೆ. ಅವಳು ಬೈಯಲಿಲ್ಲ. "ಅರೆ ಸಾರ್, ಇರ್ಲಿ. ಆದ್ರೆ ನೆಲ ಬಿಚ್ಚಿದ್ದಕ್ಕೆ ಬೇರೆ ಒಂದು ಸಿಕ್ಕಿದೆ" ಎಂದಳು. ವಿಮಾನದ ಬಾಲವನ್ನು ಆಡಿಸುವ ಕೇಬಲ್ಲಿನ ಪಕ್ಕದಲ್ಲಿ ಒಂದು ಹಳೆಯ ನಟ್ಟು ಬಿದ್ದಿತ್ತಂತೆ. ನಮ್ಮ ಪಟ್ಟಿಯದಲ್ಲ. ಎಷ್ಟು ವರ್ಷದ ಹಿಂದೆ ಯಾರು ಬಿಟ್ಟದ್ದೋ. ಇನ್ನು ನಾಲ್ಕು ಬೆರಳು ಸರಿದಿದ್ದರೆ ಕೇಬಲ್ಲಿನ ಗಾಲಿಗೆ ಸಿಕ್ಕಿಕೊಳ್ಳುತ್ತಿತ್ತು. ಹಾರುವಾಗ ಬಾಲ ಆಡದೆ ನಿಂತುಬಿಡುತ್ತಿತ್ತು.

ಸೋಮವಾರ ಮ್ಯಾನೇಜರು ಎರಡು ಪತ್ರ ಟೈಪು ಮಾಡಿಸಿದ್ದರು. ಪ್ರಶಂಸೆಯದು ನಸ್ರೀನಳಿಗೆ, ಎಚ್ಚರಿಕೆಯದು ನನಗೆ. ನನ್ನಿಂದಾಗಿಯೇ ನಟ್ಟು ಸಿಕ್ಕಿತಲ್ಲ ಎಂದು ವಾದಿಸಬಹುದಿತ್ತು. ಬಸ್ಸಿನಲ್ಲಿ ಅದನ್ನು ಎರಡು ಸಲ ಅಭ್ಯಾಸವೂ ಮಾಡಿಕೊಂಡಿದ್ದೆ. ಪತ್ರಕ್ಕೆ ಸಹಿ ಹಾಕಿ ತೆಗೆದುಕೊಂಡೆ. ಅಂದಿನಿಂದ ಹೊಸ ನಿಯಮ ಬಂತು. ಶನಿವಾರ ಸಂಜೆ ನಾನು ಹೊರಡುವ ಮುಂಚೆ ನಸ್ರೀನ್ ಬೀರು ನೋಡಬೇಕು, ನಾನು ಅವಳೆದುರು ಜೇಬು ತಿರುವಿ ತೋರಿಸಬೇಕು.

ಉಳಿದದ್ದು ವರದಿ. ಅದರಲ್ಲಿ "ಕಾರಣ" ಎಂಬ ಕಾಲಂ ಇದೆ, ಕೆಳಗೆ ಉಪಕರಣವನ್ನು ಕೊನೆಗೆ ಬಳಸಿದವರೂ ಒಪ್ಪಿ ಸಹಿ ಹಾಕಬೇಕು. ಬೇರೆಯವರು ಅಲ್ಲಿ "ಮರೆವು" ಎಂದು ಬರೆದು ತಂದಾಗಲೆಲ್ಲ ಅದು ಕಾರಣವಲ್ಲ ಎಂದು ಹಿಂತಿರುಗಿಸುತ್ತಿದ್ದವನು ನಾನೇ. ಬಹಳ ಯೋಚಿಸಿ "ಬಸ್ಸಿನ ಅವಸರ" ಎಂದು ಬರೆದೆ. ನಸ್ರೀನ್ ಓದಿ, "ಬಸ್ ಪ್ರತಿ ಶನಿವಾರನೂ ಇರುತ್ತಲ್ಲ ಸಾರ್" ಎಂದು ವಾಪಸು ಕೊಟ್ಟಳು. "ಬೇರೆಯವರ ಮೇಲಿನ ಅನುಮಾನ" ಎಂದು ತಿದ್ದಿದೆ. "ಅದು ಆಮೇಲಿಂದು ಸಾರ್, ಮೊದಲಿನದು ಬರೀರಿ" ಎಂದಳು. ಕೊನೆಗೆ ಎಲ್ಲ ಹೊಡೆದುಹಾಕಿ ನನ್ನ ಹೆಸರನ್ನೇ ಬರೆದೆ. ಅದೊಂದನ್ನು ಮಾತ್ರ ಎರಡನೇ ಸಲ ಓದದೆ ಸಹಿ ಹಾಕಿದಳು.