ಗಂಟೆಯಿಲ್ಲದ ಮನೆಯಲ್ಲಿ ಪಾಠ

ಇಂದ:
ಮಗಳ ತಾಯಿ, ಕಸುಬಿನಲ್ಲಿ ದರ್ಜಿ,
ಮೂರನೇ ಮಹಡಿ, ಲಿಫ್ಟ್ ಕೆಟ್ಟಿರುವ ಕಟ್ಟಡ.

ಗೆ:
ಮಾನ್ಯ ಅಧಿಕಾರಿಗಳು,
ಮನೆಪಾಠ ಅನುಮತಿ ವಿಭಾಗ
(ಊಟದ ವಿರಾಮ ಎಂದಾದರೂ ಮುಗಿದಲ್ಲಿ).

ವಿಷಯ: ವಿಶೇಷ ಅಗತ್ಯವುಳ್ಳ ಮಗಳಿಗೆ ಮನೆಯಲ್ಲೇ, ಗಂಟೆ ಬಾರಿಸದೆ, ಪಾಠ ಹೇಳಲು ಅನುಮತಿ ಕೋರಿ.

ಉಲ್ಲೇಖ: ತಮ್ಮ ಪರಿವೀಕ್ಷಕರ ಮೌಖಿಕ ಆದೇಶ: "ಗಂಟೆ ಇಲ್ದಿದ್ರೆ ಅದು ಮನೆ ಆಗುತ್ತಮ್ಮಾ, ಶಾಲೆ ಹೇಗಾಗುತ್ತೆ?"

ಮಾನ್ಯರೇ,

ಸದರಿ ಅರ್ಜಿದಾರಳು ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಅರ್ಜಿದಾರಳ ಮಗಳು ಗಂಟೆಯ ಸದ್ದು ತಾಳಲಾರಳು. ಗಂಟೆ ಹೊಡೆದಾಗಲೆಲ್ಲ ಕಿವಿ ಮುಚ್ಚಿಕೊಂಡು ಬೆಂಚಿನಡಿ ಸೇರುತ್ತಿದ್ದ ಕಾರಣ, ಶಾಲೆಯವರು "ನಮ್ಮ ಶಿಸ್ತಿಗೆ ಹೊಂದಲ್ಲ" ಎಂದು ಕೈತೊಳೆದುಕೊಂಡರು. ಆದ್ದರಿಂದ ಮನೆಪಾಠ. ಆದರೆ ತಮ್ಮ ನಿಯಮದಂತೆ ಮನೆಪಾಠಕ್ಕೂ ಗಂಟೆ ಕಡ್ಡಾಯ. ಇದನ್ನು ಬರೆದ ಮಹಾನುಭಾವರಿಗೆ ಅರ್ಜಿದಾರಳ ದೊಡ್ಡ ನಮಸ್ಕಾರ.

೨. ಮನೆಯಲ್ಲಿ ಸಿದ್ಧತೆಯಿಲ್ಲ ಎಂಬ ತಮ್ಮ ವಿಭಾಗದ ಆಕ್ಷೇಪ ಶುದ್ಧ ಸುಳ್ಳು. ಗುಂಯ್‌ಗುಡುತ್ತಿದ್ದ ಟ್ಯೂಬ್‌ಲೈಟು ತೆಗೆಸಲಾಗಿದೆ. ಸೀಟಿ ಹಾಕುವ ಕುಕ್ಕರು ಅಟ್ಟ ಸೇರಿದೆ. ಹೊಲಿಗೆ ಯಂತ್ರದ ಮೇಜಿನಡಿ ಚಾಪೆ ಹಾಸಿ, ಅಂಗಿಯ ಗುಂಡಿಗಳಲ್ಲಿ ಲೆಕ್ಕ ಕಲಿಸಲಾಗುತ್ತಿದೆ. ಯಂತ್ರದ ಸದ್ದಿಗೆ ಅವಳು ಬೆಚ್ಚುವುದಿಲ್ಲ; ಹೊಟ್ಟೆಯಲ್ಲಿದ್ದಾಗಿನಿಂದ ಕೇಳಿದ್ದಾಳೆ. ಶಾಲೆಯಲ್ಲಿ ಒಮ್ಮೆಯೂ ತುಟಿ ಬಿಚ್ಚದವಳು ಮೊನ್ನೆ ಮೇಜಿನಡಿಯಿಂದ "ಅಮ್ಮಾ, ಒಂದು ಗುಂಡಿ ಕಮ್ಮಿ" ಎಂದಳು. ಎಣಿಸಿದರೆ, ನಿಜ. ಆ ಸಂತೋಷಕ್ಕೆ ಅರ್ಜಿದಾರಳು ಅಳುತ್ತಳುತ್ತ ಗಿರಾಕಿಯ ಅಂಗಿಯ ತೋಳಿಗೆ ಕಾಲರು ಹೊಲಿದಳು. ಸದರಿ ಕಾಲರನ್ನು ನಂತರ ಬಿಚ್ಚಲಾಗಿದೆ.

೩. ಹೀಗಿರುವಲ್ಲಿ ತಮ್ಮ ಪರಿವೀಕ್ಷಕರು ಚೀಲದಲ್ಲಿ ಗಂಟೆಯನ್ನೇ ಹೊತ್ತು ತಂದರು. "ಮೆಲ್ಲಗೆ ಬಾರಿಸ್ತೀನಿ, ಅಭ್ಯಾಸ ಆಗ್ಲಿ" ಎಂದರು.

"ಬೇಡಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ" ಎಂದರು ಅರ್ಜಿದಾರಳ ಅತ್ತೆ, ಜನ್ಮದಲ್ಲಿ ಯಾರಿಗೂ ತಲೆಬಾಗದವರು.

"ನಿಯಮ, ಅಜ್ಜಿ" ಎಂದು ಬಾರಿಸಿಯೇಬಿಟ್ಟರು.

ಮಗಳು ಗಡಗಡ ನಡುಗುತ್ತ ಮೇಜಿನಡಿಯಿಂದ ಹೊರಗೆ ಬಂದಳು. ಸ್ಟೂಲಿನ ಮೇಲೆ ಕೂತಿದ್ದ ಪರಿವೀಕ್ಷಕರ ಎರಡೂ ಕಿವಿಗಳನ್ನು ತನ್ನ ಅಂಗೈಗಳಿಂದ ಮುಚ್ಚಿದಳು. ತನ್ನವನ್ನಲ್ಲ, ಅವರವನ್ನು. ಪಾಪ, ಅವರಿಗೂ ನೋಯುತ್ತದೆಂದು ತಿಳಿದಳು.

೪. ಪರಿವೀಕ್ಷಕರ ವರದಿ: "ಮಗುವು ಅಧಿಕಾರಿಯ ಮೇಲೆ ಕೈ ಮಾಡಿರುವ ಕಾರಣ ಅನುಮತಿ ನಿರಾಕರಿಸಬಹುದು." ಇದನ್ನು ಓದಿ ಅರ್ಜಿದಾರಳ ಮೈ ಉರಿದುಹೋಗಿದೆ ಎಂಬುದನ್ನು ದಾಖಲಿಸಿಕೊಳ್ಳುವುದು.

ಆದ್ದರಿಂದ, ಸದರಿ ಸಾಲನ್ನು ಹೊಡೆದುಹಾಕಿ, ಅನುಮತಿ ನೀಡಬೇಕಾಗಿ ಕೋರಿದೆ.

ತಮ್ಮಲ್ಲಿ ಇನ್ನೂ ಒಂಚೂರು ವಿಶ್ವಾಸ ಉಳಿಸಿಕೊಂಡಿರುವ,
ಅರ್ಜಿದಾರಳು

ಲಗತ್ತುಗಳು:
ವೈದ್ಯರ ಪತ್ರ (ಮತ್ತೊಮ್ಮೆ, ಹಿಂದಿನದನ್ನು ತಾವು ಕಳೆದಿದ್ದೀರಿ).
ಪರಿವೀಕ್ಷಕರು ನಮ್ಮಲ್ಲಿ ಮರೆತುಹೋದ ಗಂಟೆ.

ವಿಶೇಷ ಕೋರಿಕೆ: ಸದರಿ ಗಂಟೆಯನ್ನು ತಮ್ಮ ಮೇಜಿನ ಮೇಲಿಟ್ಟು, ಈ ಅರ್ಜಿ ತೀರ್ಮಾನವಾಗುವವರೆಗೆ ಬಿಡದೆ ಬಾರಿಸುತ್ತಿರತಕ್ಕದ್ದು. ತಮ್ಮ ಕಿವಿ ಮುಚ್ಚಲು ಮಗಳನ್ನು ಕಳುಹಿಸಲಾಗುವುದಿಲ್ಲ. ಅವಳಿಗೆ ಪಾಠವಿದೆ.